ಕಾತ್ರಜದಿಂದ ಪಂಚಮಿಯ ಕರೆ

ಧನಕವಡಿ, ಪುಣೆ
೨೩ ಜುಲೈ ೨೦೦೫, ಶನಿವಾರ

ಚಿ. ಸೌ. ಮಾಧುರಿಗೆ ನಿನ್ನ ಅಪ್ಪನ ತುಂಬು ಆಶೀರ್ವಾದಗಳು.

ಹೇಗಿದ್ದೀ ನನ್ನವ್ವಾ? ಗದಗಿನಲ್ಲಿ ಮಳೆ ಹಿಡಿಯಿತೇ? ಅಳಿಯ ಶಿವಪ್ರಕಾಶರ ಬೆನ್ನುನೋವು ಇಳಿಯಿತೇ? ಬಿಸಿ ಉಸುಕಿನ ಶಾಖ ಕೊಡು, ಮುಲಾಮಿನಿಂದ ಏನೂ ಆಗುವುದಿಲ್ಲ. ನನ್ನ ತಬಿಯತ್ತು ಚೆನ್ನಾಗಿದೆ. ಹೆಲ್ತ್ ಈಸ್ ವೆಲ್ತ್ ಎಂದು ವಿಜಾಪುರದ ಕಾಲೇಜಿನಲ್ಲಿ ಕಲಿಸಿದ್ದರು, ಅದರ ಮುಂದೆಯೂ ಏನೋ ಒಂದಿತ್ತು, ಮರೆತುಹೋಗಿದೆ. ರೊಟ್ಟಿ ಮಾತ್ರ ಇನ್ನೂ ದುಂಡಗೆ ಬರುತ್ತಿಲ್ಲ. ನಿಮ್ಮವ್ವ ಇದ್ದಿದ್ದರೆ ಮಹಾರಾಷ್ಟ್ರದ ನಕಾಶೆ ತಟ್ಟೀರಿ ಎಂದು ನಗುತ್ತಿದ್ದಳು.

ನಿನ್ನ ಪತ್ರ ಬಂತು. ಪಂಚಮಿಗೆ ಬರುವುದಿಲ್ಲ ಎಂದು ಬರೆದಿದ್ದೀ. ‘ಅವ್ವ ಇಲ್ಲದ ತವರಿಗೆ ಕರಿಯೋರ ಯಾರು, ಈ ವರ್ಷ ಇರಲಿ ಬಿಡಪ್ಪಾ’ ಎಂಬ ಆ ಸಾಲನ್ನು ಓದಿ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಇನ್ನೂ ಅಲ್ಲೇ ಇದೆ. ಕರೆದ ಹೊರತು ಹೆಣ್ಣುಮಗಳು ಪಂಚಮಿಗೆ ಬರಬಾರದು, ನಿಜ. ಕರೆಯುವ ಕೆಲಸವೆಲ್ಲ ನಿಮ್ಮವ್ವನದಾಗಿತ್ತು, ಉಂಡಿಯ ಡಬ್ಬಿ ಹಿಡಿದು ಹೋಗುವವನಷ್ಟೇ ನಾನು. ಅದಕ್ಕೇನು ಬರೆಯಬೇಕೋ ತಿಳಿಯದೆ ಮೊದಲು ಆಫೀಸಿನ ಸುದ್ದಿ ಬರೆಯುತ್ತಿದ್ದೇನೆ. ಕಂಪ್ಯೂಟರು ಹೇಗೆ ನಡೆದಿದೆ ಎಂದು ನೀನೇ ಕೇಳಿದ್ದೀಯಲ್ಲ.

ನಿಮ್ಮವ್ವ ಹೋದ ಮೇಲೆ ಕಾತ್ರಜದ ನಮ್ಮ ಬಸ್ ಬುಕಿಂಗ್ ಆಫೀಸು ಹೇಗಾಗಿತ್ತೆಂದು ನೀನೇ ಕಂಡಿದ್ದೀ. ಯಾರ ಊರು ಯಾವುದು, ಯಾರಿಗೆ ಹಿಂದಿನ ಸೀಟಿನಲ್ಲಿ ವಾಂತಿಯಾಗುತ್ತದೆ, ಯಾರ ಮಗಳಿಗೆ ದಿನ ತುಂಬಿವೆ, ಎಲ್ಲ ಅವಳ ತಲೆಯಲ್ಲಿತ್ತು. ನಾನು ‘ಹೆಸರೇನ್ರೀ?’ ಎಂದು ಹಳೆಯ ಗಿರಾಕಿಗಳನ್ನೇ ಕೇಳಿದರೆ ಅವರು ಮುಖ ಸಣ್ಣದು ಮಾಡಿ ಎದುರಿನ ಕೌಂಟರಿಗೆ ಹೋಗುತ್ತಿದ್ದರು. ಅವ್ವನ ದಿನಕರ್ಮಕ್ಕೆಂದು ಬಂದವಳು ನೀನು ಎರಡು ತಿಂಗಳು ಕೂತು ಆ ಕಂಪ್ಯೂಟರು ತರಿಸಿದೆ, ಕ್ಯಾಲೆಂಡರುಗಳ ಬೆನ್ನಿಗೆ ಅವಳು ಗೀಚಿಟ್ಟ ಫೋನ್ ನಂಬರುಗಳನ್ನೆಲ್ಲ ಅದರಲ್ಲಿ ಹಾಕಿದೆ, ತಾನಾಗಿಯೇ ಮೆಸೇಜು ಹೋಗುವಂತೆ ಮಾಡಿದೆ. ಮನುಷ್ಯರ ಜೊತೆ ಮಾತಾಡುವ ಧಂದೆಗೆ ಈ ಡಬ್ಬಿ ಯಾಕೆ ಎಂದು ನಾನು ಜಗಳ ತೆಗೆದಾಗ ನೀನು ಅಂದದ್ದು ನೆನಪಿದೆಯೇ? ‘ಅಪ್ಪಾ, ನೆನಪು ಅದು ಇಟ್ಕೊಳ್ಳಲಿ, ಮಾತು ನೀ ಆಡು.’

ಈಗ ಆದದ್ದು ಕೇಳು. ಹೋದ ವಾರ ಪಂಚಮಿಯ ಮೆಸೇಜು ಕಳಿಸಬೇಕಿತ್ತು. ನೀನು ಬರೆದಿಟ್ಟದ್ದು ಎರಡೇ ಸಾಲು, ತೀರಾ ಬೋಳಾಗಿ ಕಂಡಿತು. ಬಿ.ಎ. ಕಲಿತವನು ನಾನು, ಗಿರಾಕಿಗೆ ಮರ್ಯಾದೆ ಬೇಡವೇ? ರಿಸ್ಪೆಕ್ಟೆಡ್ ಮೇಡಮ್, ವಿಥ್ ಡ್ಯೂ ರಿಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್ ಎಂದು ಶುರು ಮಾಡಿ, ಪಂಚಮಿಯ ಶುಭ ಸಂದರ್ಭದಲ್ಲಿ ತಮ್ಮನ್ನು ತಮ್ಮ ಊರಿಗೆ ಕಾರ್ಡಿಯಲಿ ಇನ್ವೈಟ್ ಮಾಡಲಾಗಿದೆ ಎಂದು ಇಂಗ್ಲಿಷಿನಲ್ಲೇ ಬರೆದು, ಆಮೇಲೆ ನಮ್ಮ ಆಫೀಸಿನ ಹೆಸರು, ಬಸ್ಸು, ಸೀಟು ಎಲ್ಲ ಸೇರಿಸಿದೆ. ಮೆಸೇಜಿಗೆ ಇಷ್ಟೇ ಅಕ್ಷರ ಎಂಬ ಲೆಕ್ಕವಿರುತ್ತದೆಂದು ನನಗೆ ಯಾರು ಹೇಳಿದ್ದರು? ಆಮಂತ್ರಣದವರೆಗೆ ಹೋಗಿದೆ, ಬಸ್ಸಿನ ಭಾಗವೆಲ್ಲ ಕತ್ತರಿಸಿಹೋಗಿದೆ! ಅರಿವೆ ಅಂಗಡಿಯ ಶಿವಪ್ಪ ಸಾವಕಾರರು ಬಾಗಿಲಲ್ಲೇ ನಿಂತು, ‘ಏನ್ ಮಲಕಪ್ಪ, ಈ ವಯಸ್ಸಿನಾಗ ಇನ್ನೊಂದ ಲಗ್ನೇನು? ಊಟ ಎಲ್ಲಿ ಇಟ್ಟೀ?’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಸಿಟ್ಟು ಬಂತು. ಆದರೆ ಹೆಸರೇ ಮರೆತೆನೆಂದು ಮುನಿಸಿಕೊಂಡು ಎದುರಿನ ಕೌಂಟರಿಗೆ ಹೋಗಿದ್ದವರು ಅವರು, ನಗುವುದಕ್ಕಾದರೂ ಹೊಸ್ತಿಲು ತುಳಿದರಲ್ಲ ಎಂದು ಚಹಾ ತರಿಸಿದೆ.

ನಗು ಅಲ್ಲಿಗೇ ನಿಂತಿತು. ಮಧ್ಯಾಹ್ನ ಯಮನವ್ವ ಬಂದಳು. ಗಾರೆ ಕೆಲಸದ, ರಾಮದುರ್ಗದ ಕಡೆಯ ಯಮನವ್ವ, ನಿಮ್ಮವ್ವನ ಕೂಡ ಎಲೆ ಅಡಿಕೆ ಹಾಕುತ್ತಿದ್ದವಳು. ಅವಳು ನಮ್ಮಲ್ಲಿ ಕೊಟ್ಟಿದ್ದು ತಾನು ಕೆಲಸ ಮಾಡುವ ಬಿಲ್ಡಿಂಗಿನ ವಾಚ್‌ಮನ್ ಅವಧೂತನ ಮೊಬೈಲ್ ನಂಬರು. ಅವನು ಮೆಸೇಜು ಓದಿ, ‘ತುಲಾ ಮಾಹೇರಿ ಬೋಲಾವ್ಲಯ್’, ನಿನ್ನನ್ನು ತವರಿಗೆ ಕರೆದಿದ್ದಾರೆ ಎಂದು ಹೇಳಿಬಿಟ್ಟಿದ್ದಾನೆ. ತಲೆಯ ಸಿಮೆಂಟು ತೊಳೆದು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ‘ತಮ್ಮ ಏನಂದಾನ್ರೀ ಯಪ್ಪಾ? ಅವ್ವ ಸತ್ತಿಂದ ಒಮ್ಮಿನೂ ಕರದಿದ್ದಿಲ್ರೀ’ ಎಂದಳು.

ಏನು ಹೇಳಲಿ ಮಾಧುರಿ? ಕರೆದದ್ದು ಡಬ್ಬಿ ಎನ್ನಲೇ? ಅವಳನ್ನು ಕೂರಿಸಿ, ನೀನು ಕಲಿಸಿದ ಹಾಗೆ ಕಂಪ್ಯೂಟರಿನಲ್ಲಿ ಅವಳ ಹೆಸರು ಒತ್ತಿದೆ. ಊರಿನ ಫೋನು ಎಂಬ ಸಾಲಿನಲ್ಲಿ ಅವಳ ತಮ್ಮ ದತ್ತುವಿನ ಓಣಿಯ ಕಿರಾಣಿ ಅಂಗಡಿಯ ನಂಬರು ಬಂತು. ನಿಮ್ಮವ್ವ ಎಂದೋ ಕೇಳಿಟ್ಟದ್ದು. ತಿರುಗಿಸಿದೆ, ಅವನನ್ನು ಕರೆಸಿದೆ, ‘ನಿಮ್ಮಕ್ಕ ಪಂಚಮಿಗೆ ಹೊರಟಾಳ, ಕರೀತೀಯೋ ಇಲ್ಲೋ?’ ಎಂದು ನೇರವಾಗಿ ಕೇಳಿಬಿಟ್ಟೆ. ‘ಅವ್ವ ಇಲ್ಲದ ಮನಿಗೆ ಅಕ್ಕ ಬರ್ತಾಳೋ ಇಲ್ಲೋ ಅಂತ ನಾನಾ ಅಂಜಿ ಸುಮ್ಮನಿದ್ದೆ ರೀ. ಫೋನ್ ಆಕಿಗಿ ಕೊಡ್ರಿ’ ಎಂದ. ಕೊಟ್ಟೆ. ಯಮನವ್ವ ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಫೋನು ಹಿಡಿದು ಮೊದಲು ಅವನನ್ನು ಬಾಯಿತುಂಬ ಬೈದಳು, ‘ಮೂಳ, ನಿನಗ ಬಾಯಿ ಇರಲಿಲ್ಲೇನೋ’ ಎಂದು. ಆಮೇಲೆ ಅತ್ತಳು. ಕೌಂಟರಿನಲ್ಲಿ ನಿಂತವರು ಟಿಕೇಟು ಕೇಳುವುದನ್ನೇ ಬಿಟ್ಟು ನಿಂತರು.

ಅಂದಿನಿಂದ ಕೆಲಸದ ಪದ್ಧತಿ ಬದಲಿಸಿದ್ದೇನೆ. ಬೆಳಿಗ್ಗೆ ಕಂಪ್ಯೂಟರು ಹೆಸರು ತೋರಿಸುತ್ತದೆ, ಮೊದಲು ನಾನು ಫೋನು ಮಾಡುತ್ತೇನೆ, ಹೌದೆಂದ ಮೇಲೆ ಬಸ್ಸಿನ ಹೊತ್ತು, ಸೀಟು ಅದು ತಿಳಿಸುತ್ತದೆ, ನಿನ್ನ ಎರಡೇ ಸಾಲಿನಲ್ಲಿ. ಬಸ್ಸು ಎಷ್ಟೊತ್ತಿಗೆ ಎಂದು ದಿನವಿಡೀ ಕೇಳುವವರ ಕಾಟ ತಪ್ಪಿತು. ಈಗ ಫೋನು ಬಂದರೆ ಸೊಸೆ ಹಡೆದ ಸುದ್ದಿ, ಮೊಣಕಾಲಿನ ಔಷಧ, ಇಂಥವೇ. ಎದುರಿನ ಕೌಂಟರಿಗೆ ಹೋದವರಲ್ಲಿ ಎಷ್ಟೋ ಜನ ತಿರುಗಿ ಬಂದಿದ್ದಾರೆ. ಹೆಸರು ಹಿಡಿದು ಕರೆದರೆ ಅವರ ಮುಖ ನೋಡಬೇಕು ನೀನು! ನಿಮ್ಮವ್ವನಷ್ಟು ಚೆಂದ ನನಗೆ ಬರುವುದಿಲ್ಲ, ಅವಳು ಪರದೆ ನೋಡದೆಯೇ ಕರೆಯುತ್ತಿದ್ದಳು. ಆದರೂ ಡಬ್ಬಿ ಎನ್ನುವುದನ್ನು ಬಿಟ್ಟಿದ್ದೇನೆ.

ಬೀಗರಿಗೆ ನಮಸ್ಕಾರ ಹೇಳು, ಅಳಿಯಂದಿರಿಗೆ ಆಶೀರ್ವಾದ. ತಂಪಿನಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಮಲಕಪ್ಪ

ತಾ.ಕ.: ಟಪಾಲು ತೆಗೆಯುವವನು ಬರುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಇನ್ನೂ ಕರೆಯದೆ ಉಳಿದವರ ಹೆಸರುಗಳಲ್ಲಿ ನಿನ್ನದೂ ಬಂತು, ಗದಗಿನಿಂದ ಪುಣೆಗೆ. ಕಲಿಸುವಾಗ ಪರೀಕ್ಷೆಗೆಂದು ಹಾಕಿ ಅಳಿಸಲು ಮರೆತಿರಬೇಕು ನೀನು. ಕಂಪ್ಯೂಟರಿನ ಕೈಯಿಂದ ಮೆಸೇಜು ಹೋಗಗೊಡಲಿಲ್ಲ. ಪಂಚಮಿಗೆ ಬಾ ನನ್ನವ್ವಾ, ನಾನು ಕರೆಯುತ್ತಿದ್ದೇನೆ. ಯಮನವ್ವ ಊರಿಗೆ ಹೊರಡುವ ಮೊದಲು ಶೇಂಗಾ ಉಂಡಿ ಕಟ್ಟಿಕೊಡುತ್ತಾಳಂತೆ, ಡಬ್ಬಿ ಹಿಡಿದು ಪಂಚಮಿಯ ಹಿಂದಿನ ಶುಕ್ರವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ತಿರುಗಿ ಬರಲು ಎರಡು ಸೀಟು ಹಿಡಿದಿದ್ದೇನೆ, ಕಿಟಕಿಯದು ನಿನಗೆ.