ಸರೋವರದ ದಡದ ನಮ್ಮ ವಾರ

ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಗಡಿಯಾರದ ಡಾಕ್ಟರಿಗೆ,

ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ. ಅವಳು ಪ್ರತಿ ಭಾನುವಾರ ನಿಮ್ಮ ರಿಪೇರಿ ಅಂಗಡಿಗೆ ಬರುತ್ತಾಳೆಂದು ನನಗೆ ಗೊತ್ತು, ನನ್ನ ಮುಂದೆ ಮಾತ್ರ ಲೈಬ್ರರಿಗೆ ಹೋಗಿದ್ದೆ ಅನ್ನುತ್ತಾಳೆ. ಇರಲಿ. ಅವಳ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನಗೊಬ್ಬ ಟೋಪಿ ಹಾಕಿದ.

ಸರೋವರದ ದಡದ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ಉಳಿಯುವ ಹಕ್ಕು ನಮ್ಮಿಬ್ಬರ ಹೆಸರಲ್ಲಿದೆಯಲ್ಲ, ಅದನ್ನು ಮಾರಿಬಿಡೋಣವೆಂದು ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿದೆ. ಮೂರನೇ ದಿನವೇ ಫೋನು. ಕೊಳ್ಳುವವರು ಸಿದ್ಧವಾಗಿದ್ದಾರೆ, ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತಾರೆ, ನೋಂದಣಿ ಶುಲ್ಕವೊಂದನ್ನು ಮಾತ್ರ ಮುಂಚೆ ಕಟ್ಟಿಬಿಡಿ ಅಂದ. ಎಂಥ ಸಭ್ಯ ದನಿ ಅಂತೀರಿ! ಮಂಡಿನೋವೆಂದು ಒಮ್ಮೆ ಬಾಯಿಬಿಟ್ಟಿದ್ದೆ, ಆಮೇಲೆ ಪ್ರತಿ ಸಲವೂ ಮಂಡಿನೋವು ಹೇಗಿದೆ ಅಮ್ಮಾ ಅಂತ ಮೊದಲು ಕೇಳಿಯೇ ಮಾತಿಗಿಳಿಯುತ್ತಿದ್ದ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ದನಿಗಳನ್ನೆಲ್ಲ ಕೇಳಿದವಳು ಆ ಒಂದು ದನಿಗೆ ಸೋತೆ. ಬೆಳಗಿಂದ ಸಂಜೆಯವರೆಗೆ ಮನೆಯಲ್ಲಿ ಯಾರೂ ಏನೂ ಕೇಳದಿದ್ದರೆ, ಮಂಡಿಯ ಬಗ್ಗೆ ಕೇಳುವವನೇ ಬಂಧು. ಕಟ್ಟಿದೆ.

ವಾರ ಕಳೆದು ಮತ್ತೆ ಫೋನು. ಈಗ ತೆರಿಗೆಯಂತೆ, ಅದೊಂದು ಕಟ್ಟಿದರೆ ಸಂಜೆಯೊಳಗೆ ಎಲ್ಲ ಹಣ ಕೈಸೇರುತ್ತದಂತೆ. ಬ್ಯಾಂಕಿಗೆ ಹೊರಡಲು ಆಗಲೇ ಚಪ್ಪಲಿ ಮೆಟ್ಟಿದ್ದೆ. ಅಷ್ಟರಲ್ಲಿ ಅವನ ಮಾತಿನ ಹಿಂದೆ ಇನ್ನೊಬ್ಬ ಗಂಡಸು ಬೇರೆ ಯಾರಿಗೋ ಅದೇ ಮಾತನ್ನು ಅದೇ ಕ್ರಮದಲ್ಲಿ ಒಪ್ಪಿಸುತ್ತಿರುವುದು ಕೇಳಿಸಿತು. ಎಕ್ಸ್‌ಚೇಂಜಿನ ಕಿವಿಗೆ ಎಚ್ಚರವಾಯಿತು ನೋಡಿ. ಕೊಳ್ಳುವವರ ಹೆಸರೇನೆಂದು ಕೇಳಿದೆ. ಅದು ಗುಟ್ಟು ಅಂದ. ಹಾಗಾದರೆ ತೆರಿಗೆಯನ್ನು ನನಗೆ ಬರುವ ಹಣದಲ್ಲೇ ಮುರಿದುಕೊಳ್ಳಿ ಅಂದೆ. ಜೇನು ಸುರಿಯುತ್ತಿದ್ದ ಬಾಯಿ, ‘ಮಾರೋ ಮನಸ್ಸಿದ್ಯೋ ಇಲ್ವೋ ಮುದುಕಿ?’ ಎಂದು ಸಿಡುಕಿತು.

ಫೋನಿಟ್ಟು ರೆಸಾರ್ಟಿನ ಕಚೇರಿಗೇ ಮಾಡಿದೆ. ಅವನು ಕೊಟ್ಟ ನಂಬರಿಗಲ್ಲ, ನಮ್ಮ ಹಳೆಯ ಒಪ್ಪಂದದ ಮೇಲಿದ್ದ ನಂಬರಿಗೆ. ಕೊಳ್ಳುವವರೂ ಇಲ್ಲ, ನೋಂದಣಿಯೂ ಇಲ್ಲ, ಮಾರಾಟಕ್ಕೆ ಮೊದಲೇ ದುಡ್ಡು ಕೇಳುವವರನ್ನು ನಂಬಲೇಬೇಡಿ ಅಂದಳು ಅಲ್ಲಿಯವಳು. ಹೀಗೆ ಮೋಸಹೋದವರಲ್ಲಿ ನಾನು ಈ ತಿಂಗಳ ಆರನೆಯವಳಂತೆ. ನಿಮ್ಮ ವಾರವನ್ನು ಬಾಡಿಗೆಗೆ ಕೊಡಿಸುತ್ತೇವೆ ಅಂತಲೂ ಹೀಗೇ ಸುಲಿಯುತ್ತಾರಂತೆ.

ಎರಡು ದಿನ ಬಾಯಿ ಹೊಲಿದುಕೊಂಡು ಕೂತೆ. ಮಗಳಿಗೆ ಹೇಳಿದರೆ ನಗುತ್ತಾಳೇನೋ ಎಂಬ ಭಯ. ಆ ಭಯದಲ್ಲೇ ನಿಮ್ಮ ನೆನಪಾಯಿತು. ಸೇಲ್ಸಿನವನು ಕೊಟ್ಟ ಕಾಫಿಗೆ ಮರುಳಾಗಿ ಆ ವಾರವನ್ನು ಕೊಂಡು ಬಂದಿರೆಂದು ಹನ್ನೆರಡು ವರ್ಷ ನೆಂಟರ ಮುಂದೆ, ನಿಮ್ಮ ಗಿರಾಕಿಗಳ ಮುಂದೆ ಆಡಿಕೊಂಡು ನಕ್ಕೆ. ನೀವೂ ನಗುತ್ತಿದ್ದಿರಿ. ಒಂದು ದಿನ ನಗಲಿಲ್ಲ. ಪೆಟ್ಟಿಗೆ ತೆಗೆದುಕೊಂಡು ಅಂಗಡಿಯ ಮೇಲಿನ ಕೋಣೆಗೆ ಹೋದಿರಿ. ಇಷ್ಟು ಸಣ್ಣ ಮಾತಿಗೆ ಯಾರಾದರೂ ಮನೆ ಬಿಡುತ್ತಾರೆಯೇ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅದು ಸಣ್ಣ ಮಾತಾಗಿರಲಿಲ್ಲ. ನನ್ನದು ತಪ್ಪಾಯಿತು.

ಕೊನೆಗೆ ಹೇಳಿದಾಗ ಮಗಳು ನಗಲಿಲ್ಲ. ಮೊದಲು ಬ್ಯಾಂಕಿಗೆ, ಅಲ್ಲಿಂದ ನೇರ ಸೈಬರ್ ಪೊಲೀಸರ ಕಚೇರಿಗೆ ಕರೆದುಕೊಂಡು ಹೋದಳು. ಯಾವ ಕರೆ ಯಾವಾಗ ಬಂತು, ಎಷ್ಟು ಹೊತ್ತು ಮಾತಾಡಿದ, ಎಲ್ಲ ಹಳೇ ಅಭ್ಯಾಸದಿಂದ ಬರೆದಿಟ್ಟಿದ್ದೆ. ಅದನ್ನು ನೋಡಿ ಪೊಲೀಸಮ್ಮನ ಹುಬ್ಬು ಮೇಲೇರಿತು. ಮುಕ್ಕಾಲುಪಾಲು ಜನ ನಾಚಿಕೊಂಡು ದೂರನ್ನೇ ಕೊಡುವುದಿಲ್ಲ, ಅದೇ ಈ ವಂಚಕರಿಗೆ ಬಂಡವಾಳ ಅಂದಳು. ಹೋದದ್ದು ಬರಬಹುದು, ಬರದೆಯೂ ಇರಬಹುದು.

ಮೊನ್ನೆ ಒಬ್ಬ ವಕೀಲನ ಫೋನು. ನೀವು ಕಳೆದುಕೊಂಡದ್ದನ್ನು ವಾಪಸ್ ಕೊಡಿಸುತ್ತೇನೆ, ಸಣ್ಣದೊಂದು ಶುಲ್ಕ ಕಟ್ಟಿ ಅಂದ. ಹೆಸರು ಬೇರೆ, ಉಸಿರು ಅದೇ. ನನ್ನ ಮಂಡಿ ಚೆನ್ನಾಗಿದೆ ಮಗನೇ ಅಂದೆ. ಫೋನಿಟ್ಟ. ಆ ನಂಬರೂ ಪೊಲೀಸರಿಗೆ ಹೋಯಿತು.

ನಮ್ಮ ವಾರವನ್ನು ರೆಸಾರ್ಟಿನವರೇ ವಾಪಸ್ ತೆಗೆದುಕೊಳ್ಳುತ್ತಾರಂತೆ. ದುಡ್ಡೇನೂ ಬರುವುದಿಲ್ಲ, ವರ್ಷವರ್ಷದ ನಿರ್ವಹಣೆಯ ಖರ್ಚಂತೂ ತಪ್ಪುತ್ತದೆ. ಇಬ್ಬರ ಸಹಿಯೂ ಬೇಕು. ಅರ್ಜಿ ಇದರ ಜೊತೆಗಿದೆ. ನಾನು ಹಾಕಿದ್ದೇನೆ. ಕೆಲಸದ ನಡುವೆ ಊಟ ಮರೆಯಬೇಡಿ.

ಇಂತಿ,
ನೀವು ಇಟ್ಟ ಹೆಸರಿನ
‘ಹಲೋ’

ತಾ.ಕ.: ಮಾರಲು ಹೊರಟದ್ದು ದುಡ್ಡಿಗಲ್ಲ. ಹೋದ ವರ್ಷ ಮಗಳಿಗೂ ಹೇಳದೆ ಒಬ್ಬಳೇ ಅಲ್ಲಿಗೆ ಹೋಗಿದ್ದೆ. ಎರಡನೇ ದಿನವೇ ಬಸ್ಸು ಹತ್ತಿ ಬಂದುಬಿಟ್ಟೆ, ಇರಲಾಗಲಿಲ್ಲ. ಈ ಸಲದ ವಾರ ಏಪ್ರಿಲ್ ಹತ್ತರಿಂದ ಶುರು. ಅರ್ಜಿಯನ್ನು ಅಂಚೆಯಲ್ಲಿ ಕಳಿಸಬಹುದು, ಅಲ್ಲಿಗೇ ಬಂದು ಸಹಿ ಹಾಕಿದರೂ ನಡೆಯುತ್ತದಂತೆ. ಕೇಳಿಕೊಂಡಿದ್ದೇನೆ.