ಮರೆವು ನನ್ನದಲ್ಲ

ಮಾಲೂರು, 19 ನವೆಂಬರ್ 2024, ಮಂಗಳವಾರ

ನನಗೆ ಮರೆವಿಲ್ಲ. ಮೊದಲು ಇದನ್ನ ಬರೆದಿಡಬೇಕು.

ಆರು ತಿಂಗಳಿಂದ, ನಾನು ಕಾರ್ಡು ಟೈಪ್ ಮಾಡೋ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಲ್ಲಿ ನನ್ನ ಫೋಲ್ಡರುಗಳು ಇಟ್ಟ ಕಡೆ ಸಿಗ್ತಿರಲಿಲ್ಲ. “ವಯಸ್ಸಾಯ್ತಲ್ಲ ಗಂಗಮ್ಮ, ಮರೀತೀರ” ಅಂತ ಓನರ್ ಕದಿರೇಶಣ್ಣ ಗಿರಾಕಿಗಳ ಮುಂದೇನೇ ನಗ್ತಿದ್ರು. ನಾನೂ ನಂಬಿದೆ. ನೆನಪಿಗೆ ಒಳ್ಳೇದು ಅಂತ ದಿನಾ ಬೆಳಿಗ್ಗೆ ಒಂದೆಲಗದ ಸೊಪ್ಪು ಅಗಿದು ನುಂಗಿದೆ. ಎಂಥ ಕಹಿ!

ಹೋದ ವಾರ ಹುಡುಕಿ ಹುಡುಕಿ ಒಂದು ಪುಟ್ಟ ಸಾಫ್ಟ್‌ವೇರ್ ಹಾಕ್ಕೊಂಡೆ. ಈಚೆಗೆ ತೆರೆದ ಫೋಲ್ಡರುಗಳನ್ನೆಲ್ಲ ಟೈಮು ಸಮೇತ ನೆನಪಿಟ್ಕೊಳ್ಳುತ್ತೆ. ಇವತ್ತು ಲಕ್ಕೂರಿನವರ ಗೃಹಪ್ರವೇಶದ ಕಾರ್ಡಿನ ಫೋಲ್ಡರೂ ಮಾಯ. ಪಟ್ಟಿ ನೋಡಿದೆ. ಒಂದೂವರೆಗೆ ಯಾರೋ ‘ಮುಗಿದಿದ್ದು’ ಅನ್ನೋ ಫೋಲ್ಡರ್ ತೆರೆದಿದ್ದಾರೆ. ಆ ಹೊತ್ತಿಗೆ ನಾನು ಹಿಂದಿನ ರೂಮಲ್ಲಿ ಮುದ್ದೆ ಉಣ್ತಿದ್ದೆ. ಕಂಪ್ಯೂಟರ್ ಮುಟ್ಟೋರು ನಾನು, ಕದಿರೇಶಣ್ಣ ಇಬ್ಬರೇ. ಕಾರ್ಡು ಅದರೊಳಗೇ ಇತ್ತು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಗಿರಾಕಿ ಪ್ರೂಫ್ ಒಪ್ಪಿದ ತಕ್ಷಣ ಕದಿರೇಶಣ್ಣ ಆರ್ಡರ್ ಚೀಟೀನ ಗೋಡೆಯ ಈ ಮೊಳೆಯಿಂದ ತೆಗೆದು ಮುಗಿದ ಕೆಲಸದ ಮೊಳೆಗೆ ಚುಚ್ಚೋರು. ಈಗ ಫೋಲ್ಡರಿಗೂ ಅದೇ ಚಾಳಿ. ಪ್ರಿಂಟಿಗೆ ಹೋಗೋ ಮುಂಚೆನೇ ಎತ್ತಿ ‘ಮುಗಿದಿದ್ದು’ ಒಳಗೆ ಹಾಕ್ತಾರೆ. ಹಾಕಿದ್ದು ಅವರಿಗೇ ನೆನಪಿರಲ್ಲ.

ಪಟ್ಟಿ ತೋರಿಸಿದೆ. ಮುಖ ಸಣ್ಣದಾಯ್ತು. “ಆ ಸಾಫ್ಟ್‌ವೇರ್ ತೆಗೀರಿ, ಕಂಪ್ಯೂಟರ್ ಸ್ಲೋ ಆಗುತ್ತೆ” ಅಂದ್ರು.

“ತೆಗೆಯಲ್ಲ ಅಣ್ಣ” ಅಂದೆ. ಕಾರ್ಡು ಕೇಳ್ಕೊಂಡು ಬಂದಿದ್ದ ಲಕ್ಕೂರಿನವರ ಮುಂದೇನೇ ಅಂದೆ.

ಒಂದೆಲಗ ಇನ್ನೂ ಅರ್ಧ ಕಟ್ಟು ಉಳಿದಿದೆ. ನಾಳೆ ತೊಳೆದು, ಡಬ್ಬೀಲಿ ಹಾಕಿ, ಅವರ ಟೇಬಲ್ ಮೇಲೆ ಇಡ್ತೀನಿ.