ಹದಿನೇಳು ನಾಯಿಗಳಿಗೆ ಒಂದೇ ವಿಳಾಸ

ನಗರದ ಪ್ರಾಣಿ ಆಶ್ರಯ ಕೇಂದ್ರದ ಮೇಲ್ವಿಚಾರಕರಿಗೆ,

ಮಾನ್ಯರೇ,

ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯಿಂದ ಸಂತಾನಹರಣ ಚಿಕಿತ್ಸೆಗೆಂದು ಹಿಡಿದೊಯ್ದ ಹೆಣ್ಣುನಾಯಿಯನ್ನು ಎಲ್ಲಿ ಬಿಟ್ಟಿರೆಂದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದೂ ನಿಮಗೆ ಗೊತ್ತಿರಲಿಲ್ಲ. ಅದನ್ನು ನಾವೇ ಬಂದು ತಿಳಿಸಬೇಕಾಯಿತು.

ಅದು ಹಾಲೂಡುತ್ತಿದ್ದ ನಾಯಿ. ಬುಧವಾರ ನಿಮ್ಮ ವ್ಯಾನು ಹೋದ ಮೇಲೆ ಹಿಟ್ಟಿನ ಗಿರಣಿಯ ಹಿಂದೆ ನಾಲ್ಕು ಮರಿಗಳು ಸಿಕ್ಕವು. ಗಿರಣಿಯಲ್ಲಿ ಕೆಲಸ ಮಾಡುವ ಚಾಮುಂಡಮ್ಮನವರು, "ಮೂರು ದಿನಕ್ಕೆ ತಂದು ಬುಡ್ತೀವಿ ಅಂದವ್ರೆ ಕಣಮ್ಮ, ಅಲ್ಲೀಗಂಟ ನಾವೇ ನೋಡ್ಕಳನ" ಎಂದರು. ನಂಬಿದೆವು. ಶನಿವಾರ ನಾಯಿ ಬರಲಿಲ್ಲ. ಭಾನುವಾರ ಎರಡು ಮರಿಗಳು ಸತ್ತವು. ಸೋಮವಾರ ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು.

"ಹಿಡಿದ ಜಾಗಕ್ಕೇ ಬಿಟ್ಟಿದ್ದೀವಿ, ದಾಖಲೆ ಐತೆ" ಎಂದು ನಿಮ್ಮ ಗುಮಾಸ್ತರು ರಿಜಿಸ್ಟರನ್ನು ಹೆಮ್ಮೆಯಿಂದ ನಮ್ಮತ್ತ ತಿರುಗಿಸಿದರು.

"ನಂಗೆ ಓದಕ್ಕೆ ಬರಕ್ಕಿಲ್ಲ. ಈ ಮಗೀಗೆ ತೋರ್ಸಿ, ಎಂ.ಎ. ಓದವ್ಳೆ" ಎಂದರು ಚಾಮುಂಡಮ್ಮ.

ಸಾಹಿತ್ಯ ಓದಿದವಳು ನಾನು. ಆದರೂ ಇಂಥ ಕಲ್ಪನಾಶಕ್ತಿಯನ್ನು ಕಂಡಿರಲಿಲ್ಲ. ಆ ಬುಧವಾರದ ಹದಿನೇಳು ನಾಯಿಗಳಲ್ಲಿ ಮೊದಲನೆಯದಕ್ಕೆ ಹಿಡಿದ ಸ್ಥಳ: ಚಾಮರಾಜಪುರಂ. ಅದರ ಕೆಳಗೆ ಪುಟದ ಕೊನೆಯವರೆಗೆ: ಸದರಿ, ಸದರಿ, ಸದರಿ. ಸ್ವಭಾವದ ಕಾಲಂನಲ್ಲಿ ಹದಿನೇಳೂ "ಸಾಧು". ನಮ್ಮದು ನಿಮ್ಮ ಸಿಬ್ಬಂದಿಯ ಕೈಗೇ ಬಾಯಿ ಹಾಕಿದ್ದನ್ನು ಇಡೀ ಬೀದಿ ನೋಡಿತ್ತು. ಮರಿಗಳಿವೆಯೇ ಎಂದು ಬರೆಯಲು ಕಾಲಂ ಇಲ್ಲವೇ ಇಲ್ಲ.

ಇದೇನೆಂದು ಮೆಲ್ಲಗೆ ಕೇಳಿದೆ.

"ಒಂದೇ ವ್ಯಾನಲ್ಲಿ ಬಂದ್ವಲ್ಲ ಕಣ್ರೀ. ಒಂದೊಂದಕ್ಕೂ ವಿಳಾಸ ಬರ್ಕೊಂಡು ಕೂರಕ್ಕೆ ಅವಕ್ಕೇನು ಟಪಾಲು ಬರ್ತದಾ?"

"ಟಪಾಲು ಬರಲ್ಲ ಕಣಪ್ಪ" ಎಂದರು ಚಾಮುಂಡಮ್ಮ. "ಮಕ್ಳವೆ."

ನಿಮ್ಮ ಗೇಟಿನ ಫಲಕದಲ್ಲಿ "ಸ್ವಸ್ಥಾನಕ್ಕೆ ಮರಳಿಸಿದ ಪ್ರಮಾಣ: ನೂರಕ್ಕೆ ನೂರು" ಎಂದು ಬರೆಸಿದ್ದೀರಿ. ಆಗದೆ ಏನು? ಹಿಡಿದ ಜಾಗ ಸದರಿ, ಬಿಟ್ಟ ಜಾಗ ಸದರಿ. ಎರಡನ್ನೂ ಒಂದೇ ಕೈ ಬರೆಯುವಾಗ ತಾಳೆಯಾಗದಿರಲು ಹೇಗೆ ಸಾಧ್ಯ? ಯಾವ ಬೀದಿಯಲ್ಲಿ ಎಷ್ಟು ನಾಯಿಗಳಿಗೆ ರೇಬೀಸ್ ಲಸಿಕೆ ಬಿದ್ದಿದೆ, ಎಷ್ಟಕ್ಕೆ ಬಾಕಿಯಿದೆ, ನೀವು ಹೇಳಬಲ್ಲಿರಾ? ಎಲ್ಲ ಬೀದಿಗಳ ನಾಯಿಗಳನ್ನೂ ಚಾಮರಾಜಪುರಂನಲ್ಲಿ ಇಳಿಸುತ್ತೀರಿ. ಅಲ್ಲಿಯವರು ನಾಯಿ ಹೆಚ್ಚಾಯಿತೆಂದು ದೂರು ಕೊಟ್ಟರೆ ವ್ಯಾನು ಮತ್ತೆ ಅಲ್ಲಿಗೇ ಹೋಗುತ್ತದೆ, ಮತ್ತೆ ಅವೇ ನಾಯಿಗಳನ್ನು ಹಿಡಿಯುತ್ತದೆ, ನಿಮ್ಮ ವಾರ್ಷಿಕ ವರದಿ ದಪ್ಪವಾಗುತ್ತದೆ. ಅಂಕಿಅಂಶವೆಂದರೆ ಮೇಲಿನವರಿಗೆ ತೋರಿಸುವ ಅಲಂಕಾರ ಎಂದುಕೊಂಡಿದ್ದೀರಿ. ಅದು ಒಂದು ಪ್ರಾಣಿಯನ್ನು ಅದರ ಜಾಗಕ್ಕೆ ಮುಟ್ಟಿಸುವ ದಾರಿ. ನಿಮ್ಮವರು ಎರಡು ಪದ ಬರೆಯಲು ಬೇಸರಪಟ್ಟರು. ಎರಡು ಜೀವ ಹೋದವು.

ನನ್ನ ಬೇಡಿಕೆ ದೊಡ್ಡದಲ್ಲ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕಚೇರಿಯಲ್ಲಿರುತ್ತೇವೆ. ಚಾಮುಂಡಮ್ಮನವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಚಾಮರಾಜಪುರಂನ ಪ್ರತಿ ರಸ್ತೆಯಲ್ಲೂ ಸುತ್ತಿಸಿ. ಆ ನಾಯಿಯನ್ನು ದೂರದಿಂದಲೇ ಗುರುತಿಸಬಲ್ಲವರು ಅವರೊಬ್ಬರೇ. ಆಗದೆಂದರೆ ಉಳಿದೆರಡು ಮರಿಗಳನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಹೊರಡುತ್ತೇವೆ. ಎರಡು ಗಂಟೆಗೊಮ್ಮೆ ಹಾಲು ಕುಡಿಸಬೇಕು. ಹಸುವಿನ ಹಾಲು ಅವಕ್ಕೆ ಹಿಡಿಯುತ್ತಿಲ್ಲ.

ಇಂತಿ,
ನಿಮ್ಮ ಗುಮಾಸ್ತರೆದುರು ದನಿ ಏಳದೆ ಮನೆಗೆ ಬಂದು ಬರೆದವಳು,
ಧರಣಿ
ಲಷ್ಕರ್ ಮೊಹಲ್ಲಾ, ಮೈಸೂರು